ಸವೆದ ಬ್ರೇಕು ಯಾರ ಹೊಣೆ?

ಮಳೆಗಾಲದಲ್ಲಿ ಊಟ-ತಿಂಡಿಯ ಕಟ್ಟುಗಳನ್ನು ಹೊತ್ತು ಮುಂಬಯಿಯ ಬೀದಿಗಳಲ್ಲಿ ಧಾವಿಸುವ ಹೋಟೆಲು ಸ್ಕೂಟರುಗಳನ್ನು ಕಂಡಾಗ ನಮಗೆ ಕಳವಳವಾಗುತ್ತದೆ. ವಾಹನ ಮಾಲಿಕರದು, ಅದನ್ನೇರಿದ ಪ್ರಾಣ ಕೆಲಸಗಾರನದು. ಹಿಟ್ಟು ರುಬ್ಬುವ ಗ್ರೈಂಡರು ಕೆಟ್ಟರೆ ಅಂದೇ ದುರಸ್ತಿ ಮಾಡಿಸುವವರೂ ಬ್ರೇಕಿನ ಮಾತು ಬಂದಾಗ "ಬರುವ ತಿಂಗಳು ನೋಡೋಣ" ಎನ್ನುವುದು ವಿಷಾದಕರ.

ಬ್ರೇಕಿನ ಸವೆತ ಒಂದೇ ದಿನದಲ್ಲಿ ಆಗುವಂಥದಲ್ಲ. ಅದು ಮುನ್ಸೂಚನೆ ಕೊಡುತ್ತದೆ. ಹಿಡಿಕೆಯನ್ನು ಮೊದಲಿಗಿಂತ ಹೆಚ್ಚು ಅದುಮಬೇಕಾಗುವುದು, ವಾಹನ ನಿಲ್ಲಲು ಹೆಚ್ಚು ದೂರ ಬೇಕಾಗುವುದು, ಲೋಹ ತಿಕ್ಕಿದಂತೆ ಕರ್ಕಶ ಸದ್ದು ಕೇಳಿಸುವುದು, ಇವೇ ಆ ಸೂಚನೆಗಳು. ನಟ್ಟನ್ನು ಬಿಗಿಗೊಳಿಸಿದರೆ ಸಾಕೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದರಿಂದ ಸಡಿಲ ತಪ್ಪೀತೇ ವಿನಾ ಸವೆದ ಪದರ ಮರಳಿ ಬರಲಾರದು. ಡ್ರಮ್ ಬ್ರೇಕುಳ್ಳ ಅನೇಕ ವಾಹನಗಳಲ್ಲಿ ಚಕ್ರದ ಬಳಿ ಒಂದು ಬಾಣದ ಗುರುತಿರುತ್ತದೆ. ಬ್ರೇಕನ್ನು ಪೂರ್ತಿ ಅದುಮಿದಾಗ ಅದು ಎದುರಿನ ಗುರುತಿಗೆ ಸರಿಯಾಗಿ ಬಂದು ನಿಂತರೆ ಶೂಗಳನ್ನು ಬದಲಿಸುವ ಕಾಲ ಬಂತೆಂದು ತಿಳಿಯಬೇಕು. ಡಿಸ್ಕ್ ಬ್ರೇಕಾದರೆ ಪ್ಯಾಡಿನ ಮೇಲಿನ ಗೀರು ಅಳಿಯುವವರೆಗೆ ಕಾಯತಕ್ಕದ್ದಲ್ಲ. ನೀರು ನಿಂತ ಬೀದಿಯನ್ನು ದಾಟಿದ ಡ್ರಮ್ ಬ್ರೇಕು ಕೆಲಕಾಲ ಸರಿಯಾಗಿ ಹಿಡಿಯದು. ಸವೆದೂ ಇದ್ದರೆ ಅಪಾಯ ಇಮ್ಮಡಿ.

ಬದಲಿಸುವಾಗ ಎರಡೂ ಶೂಗಳನ್ನು ಅಥವಾ ಎರಡೂ ಪ್ಯಾಡುಗಳನ್ನು ಜೊತೆಯಾಗಿಯೇ ಬದಲಿಸಬೇಕು. ಒಳಗಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಹೊಸ ಪದರಕ್ಕೆ ಎಣ್ಣೆ, ಗ್ರೀಸು ಸೋಕಬಾರದು. ಡ್ರಮ್ಮೇ ಮಿತಿಮೀರಿ ಸವೆದಿದ್ದರೆ ಶೂ ಮಾತ್ರ ಬದಲಿಸಿ ಪ್ರಯೋಜನವಿಲ್ಲ. ಡಿಸ್ಕ್ ಬ್ರೇಕಾದರೆ ಹೊರಡುವ ಮುನ್ನ ಹಿಡಿಕೆ ಗಟ್ಟಿಯಾಗುವವರೆಗೂ ಹಲವು ಸಲ ಅದುಮಿ ನೋಡಬೇಕು. ಹೊಸ ಬ್ರೇಕು ಹೊಂದಿಕೊಳ್ಳುವ ತನಕ ನಿಧಾನವಾಗಿ ಸಾಗುವುದು ಲೇಸು. ಇವೆಲ್ಲ ನುರಿತ ಮೆಕ್ಯಾನಿಕನ ಕೆಲಸವೇ ಸರಿ. ಆದರೆ ಮಾಡಿದ್ದಾನೆಯೇ ಎಂದು ಕೇಳಿ ತಿಳಿಯುವುದು ಸವಾರನ ಹಕ್ಕು. ಸ್ವಂತ ಸ್ಕೂಟರಿನಲ್ಲಿ ಕಛೇರಿಗೆ ಹೋಗುವ ಗುಮಾಸ್ತ ಬಂಧುಗಳಿಗೂ ಈ ಮಾತು ಅನ್ವಯಿಸುತ್ತದೆ.

ಇನ್ನು ಹೊಣೆಯ ಪ್ರಶ್ನೆ. 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮಿನ ಪ್ರಕಾರ, ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಬಹುದಾದ ಅಪಾಯಕರ ದೋಷವುಳ್ಳ ವಾಹನವನ್ನು ನಡೆಸುವವನಷ್ಟೇ ಅಲ್ಲ, ನಡೆಸಗೊಡುವವನೂ ದಂಡಾರ್ಹನು. ಆದುದರಿಂದ "ಓಡಿಸಿದವನು ನೀನು" ಎಂದು ಕೈತೊಳೆದುಕೊಳ್ಳಲು ಮಾಲಿಕರಿಗೆ ಎಡೆಯಿಲ್ಲ. "ಗಾಡಿ ಧಣಿಗಳದು" ಎಂದು ಸುಮ್ಮನಿರಲು ಕೆಲಸಗಾರನಿಗೂ ಎಡೆಯಿಲ್ಲ.

ಸ್ಕೂಟರಿನ ಒಂದು ಜೊತೆ ಶೂಗಳಿಗೆ ತಗಲುವುದು ಕೆಲವು ನೂರು ರೂಪಾಯಿ ಮಾತ್ರ. ಊರಿನಿಂದ ನಂಬಿ ಕಳುಹಿಸಿದ ಮಗನ ಪ್ರಾಣದೆದುರು ಅದೊಂದು ವೆಚ್ಚವೇ ಅಲ್ಲ. ಮಳೆ ಹಿಡಿಯುವ ಮುನ್ನ ಪ್ರತಿಯೊಬ್ಬ ಮಾಲಿಕರೂ ತಮ್ಮ ವಾಹನಗಳ ಬ್ರೇಕನ್ನು ಪರೀಕ್ಷಿಸಿ ಬದಲಿಸಲಿ. ಕೆಟ್ಟಿದೆ ಎಂದು ಹೇಳಿದ ಹುಡುಗನನ್ನು ಗದರಿಸದಿರಲಿ. ಹೇಳುವ ಧೈರ್ಯ ಕೆಲಸಗಾರನಿಗೂ ಇರಲಿ ಎಂದು ನಾವು ಆಶಿಸುತ್ತೇವೆ.