ಕಟ್ಟಳೆಯೂ ಕೈಚಳಕವೂ

ದಿನನಿತ್ಯ ಬಳಸುವ ವಸ್ತುಗಳಲ್ಲಿ ಅಡಗಿರುವ ವಿವೇಕವನ್ನು ಗಮನಿಸುವವರು ವಿರಳ. ಮನೆಯಲ್ಲಿರುವ ಮೂರು ಕಡ್ಡಿಗಳ ಪ್ಲಗ್ಗನ್ನೇ ನೋಡಬಹುದು. ಅದರ ಒಂದು ಕಡ್ಡಿ ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುತ್ತದೆ. ಅದು ಭೂಸಂಪರ್ಕದ ಕಡ್ಡಿ. ಪ್ಲಗ್ಗನ್ನು ಸೇರಿಸುವಾಗ ಅದು ಎಲ್ಲಕ್ಕಿಂತ ಮೊದಲು ಕೂಡುತ್ತದೆ. ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡುತ್ತದೆ. ಉಪಕರಣದ ಲೋಹದ ಕವಚಕ್ಕೆ ವಿದ್ಯುತ್ತು ಸೋರಿದರೆ, ಅದು ಮುಟ್ಟಿದವರ ಮೈಯನ್ನು ಹಾಯದೆ ಭೂಮಿಗೆ ಹರಿದುಹೋಗುವಂತೆ ಈ ಕಡ್ಡಿ ದಾರಿ ಮಾಡಿಕೊಡುತ್ತದೆ. ಬೀದರಿನಲ್ಲಿ ಕೊಂಡ ಪ್ಲಗ್ಗು ಚಾಮರಾಜನಗರದ ಮನೆಯಲ್ಲಿಯೂ ಹೊಂದಿಕೊಳ್ಳುತ್ತದೆ. ಇದು ತಾನಾಗಿ ಒದಗಿದ ಅನುಕೂಲವಲ್ಲ. ಬಲ್ಲವರು ಕೂಡಿ ಆಲೋಚಿಸಿ ಗೊತ್ತುಪಡಿಸಿದ ಅಳತೆಯ ಫಲ. ಇಂತಹ ಅಳತೆಗೆ ಮಾನಕವೆಂದು ಹೆಸರು.

ಮಾನಕವಿಲ್ಲದ ಕಾಲದಲ್ಲಿ ಜನರು ಪಟ್ಟ ಪಾಡು ಸಾಮಾನ್ಯವಾದುದಲ್ಲ. ಇಂಗ್ಲೆಂಡಿನಲ್ಲಿ ಒಂದೊಂದು ಕಾರ್ಖಾನೆಯೂ ತಿರುಪುಮೊಳೆಗಳನ್ನು ತನ್ನದೇ ಅಳತೆಯಲ್ಲಿ ತಯಾರಿಸುತ್ತಿದ್ದ ಕಾಲವೊಂದಿತ್ತು. ಒಂದು ತಿರುಪು ಕಳೆದರೆ ಬೇರೆ ಕಾರ್ಖಾನೆಯ ತಿರುಪು ಅಲ್ಲಿ ಕೂಡುತ್ತಿರಲಿಲ್ಲ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿಯು ತಿರುಪಿನ ಸುತ್ತುಗಳಿಗೆ ಏಕರೂಪದ ಅಳತೆಯನ್ನು ಸೂಚಿಸಿದನು. ಅದು ರೂಢಿಗೆ ಬಂದ ಮೇಲೆ ಯಂತ್ರಗಳ ದುರಸ್ತಿ ಸುಲಭವಾಯಿತು. 1904ರ ಫೆಬ್ರವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿದ್ದಾಗ ನೆರೆಯ ನಗರಗಳ ಅಗ್ನಿಶಾಮಕ ದಳಗಳು ನೆರವಿಗೆ ಧಾವಿಸಿದವು. ಆದರೆ ಅವು ತಂದಿದ್ದ ಅನೇಕ ಕೊಳವೆಗಳ ಬಾಯಿ ಬಾಲ್ಟಿಮೋರಿನ ನೀರಿನ ನಳಗಳಿಗೆ ಹೊಂದಲಿಲ್ಲ. ನೀರಿತ್ತು, ಕೊಳವೆಯಿತ್ತು, ಕೆಲಸಕ್ಕೆ ಸಿದ್ಧರಾದ ಜನರಿದ್ದರು, ಒಂದೇ ಅಳತೆಯಿರಲಿಲ್ಲ. ಆ ದುರಂತದಲ್ಲಿ 1,500ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು.

ನಮ್ಮ ದೇಶದಲ್ಲಿಯೂ ಸೇರು, ಬಳ್ಳ, ಕೊಳಗಗಳು ಊರಿಂದೂರಿಗೆ ಬೇರೆಯಾಗಿದ್ದವು. ಅಳತೆ ಅರಿಯದ ರೈತನು ಸಂತೆಯಲ್ಲಿ ಮೋಸಹೋಗುವುದು ಸುಲಭವಾಗಿತ್ತು. 1956ರ ಕಾನೂನಿನಂತೆ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದು ಆ ಗೊಂದಲವನ್ನು ಕೊನೆಗಾಣಿಸಿತು. ವಸ್ತುಗಳ ಮಾನಕಗಳನ್ನು ಗೊತ್ತುಪಡಿಸಲು 1947ರಲ್ಲಿ ಸ್ಥಾಪಿತವಾದ ಸಂಸ್ಥೆಯ ಕಾರ್ಯವನ್ನು 1987ರಿಂದ ಭಾರತೀಯ ಮಾನಕ ಬ್ಯೂರೋ ಮುಂದುವರಿಸಿದೆ. ಐ.ಎಸ್.ಐ. ಮುದ್ರೆ ಬಡವನಿಗೂ ಬಲ್ಲಿದನಿಗೂ ಒಂದೇ ಭರವಸೆಯನ್ನು ನೀಡುತ್ತದೆ.

ಹಾಗಾದರೆ ಎಲ್ಲ ಕಟ್ಟಳೆಗಳೂ ಜನಹಿತಕ್ಕಾಗಿಯೇ ಇರುತ್ತವೆಯೆ? ಇಲ್ಲ. ಜನರನ್ನು ಒಂದುಗೂಡಿಸುವ ಕಟ್ಟಳೆಗಳಿರುವಂತೆ, ಅವರನ್ನು ಹೊರಗಿಡುವ ಕಟ್ಟಳೆಗಳೂ ಉಂಟು. ಅಮೆರಿಕದಲ್ಲಿ ಎ.ಟಿ. ಅಂಡ್ ಟಿ. ಎಂಬ ದೂರವಾಣಿ ಸಂಸ್ಥೆಯು ತಾನು ಕೊಡದ ಯಾವ ಉಪಕರಣವನ್ನೂ ತನ್ನ ಜಾಲಕ್ಕೆ ಜೋಡಿಸಕೂಡದೆಂದು ನಿಯಮ ಮಾಡಿತ್ತು. ಟೆಕ್ಸಾಸಿನ ಥಾಮಸ್ ಕಾರ್ಟರ್ ಎಂಬಾತನು ರೇಡಿಯೋ ಮೂಲಕ ಮಾತನಾಡುವವರನ್ನು ದೂರವಾಣಿಯೊಡನೆ ಸೇರಿಸುವ ಒಂದು ಸಾಧನವನ್ನು ರಚಿಸಿದನು. ಅದರಿಂದ ಜಾಲಕ್ಕೆ ಹಾನಿಯಾಗುವುದೆಂದು ಸಂಸ್ಥೆ ಆಕ್ಷೇಪಿಸಿತು. 1968ರಲ್ಲಿ ಸರ್ಕಾರದ ಸಂಪರ್ಕ ಆಯೋಗವು ವಿಚಾರಣೆ ನಡೆಸಿ, ಆ ಸಾಧನದಿಂದ ಹಾನಿಯಿಲ್ಲ, ನಿಷೇಧವೇ ನ್ಯಾಯವಲ್ಲವೆಂದು ತೀರ್ಮಾನಿಸಿತು. ಮುಂದೆ ಗೊತ್ತಾದ ಮಾನಕಕ್ಕೆ ಹೊಂದುವ ಯಾವ ಉಪಕರಣವನ್ನಾದರೂ ಜೋಡಿಸಲು ಅವಕಾಶವಾಯಿತು. ಗಣಕಯಂತ್ರಗಳನ್ನು ದೂರವಾಣಿಯ ತಂತಿಗೆ ಸೇರಿಸುವ ಮೋಡೆಮ್ ಮನೆಮನೆಗೆ ಹರಡಲು ಈ ತೀರ್ಪು ಹಾದಿ ತೆರೆಯಿತು. ಒಬ್ಬನ ಕೈಚಳಕಕ್ಕೆ ದೊರೆತ ನ್ಯಾಯವು ಎಲ್ಲರ ಸಂಪತ್ತಾಯಿತು.

ಈ ಪ್ರಶ್ನೆ ಇಂದು ಬೇರೊಂದು ರೂಪದಲ್ಲಿ ತಲೆಯೆತ್ತಿದೆ. ಹಿಂದಿನ ರೇಡಿಯೋವಿನ ಬೆನ್ನುಹಲಗೆಯನ್ನು ನಾಲ್ಕು ತಿರುಪು ಬಿಚ್ಚಿ ತೆಗೆಯಬಹುದಾಗಿತ್ತು. ಎಷ್ಟೋ ಹುಡುಗರು ಹಾಗೆ ಬಿಚ್ಚಿಯೇ ವಿದ್ಯುನ್ಮಾನದ ಮೊದಲ ಪಾಠ ಕಲಿತರು. ಇಂದಿನ ಅನೇಕ ಮೊಬೈಲ್ ದೂರವಾಣಿಗಳ ಬ್ಯಾಟರಿಯನ್ನು ಅಂಟಿನಿಂದ ಭದ್ರಪಡಿಸಲಾಗಿದೆ. ಕೆಲವು ಯಂತ್ರಗಳು ತಯಾರಕನ ಅನುಮತಿಯಿಲ್ಲದೆ ಹೊಸ ಬಿಡಿಭಾಗವನ್ನು ಒಪ್ಪಿಕೊಳ್ಳುವುದೇ ಇಲ್ಲ. ಹಣ ಕೊಟ್ಟು ಕೊಂಡ ವಸ್ತುವನ್ನು ಬಿಚ್ಚಲು ಪರರ ಅಪ್ಪಣೆ ಬೇಕೆಂದಾದರೆ ಅದರ ಒಡೆಯನು ಯಾರು? ರಸ್ತೆಬದಿಯ ಅಂಗಡಿಯಲ್ಲಿ ದುರಸ್ತಿ ಮಾಡಿ ಜೀವಿಸುವವನಿಗೆ ಇದು ಅನ್ನದ ಪ್ರಶ್ನೆ. ಬಿತ್ತನೆಯ ಹೊತ್ತಿಗೆ ಟ್ರಾಕ್ಟರು ನಿಂತ ರೈತನಿಗೆ ಬೆಳೆಯ ಪ್ರಶ್ನೆ. 2022ರಲ್ಲಿ ಭಾರತ ಸರ್ಕಾರವು ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ನೇಮಿಸಿದಾಗ ಕೃಷಿಯಂತ್ರಗಳನ್ನೂ ಮೊಬೈಲುಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿದ್ದು ಉಚಿತವೇ ಆಗಿದೆ. 2024ರ ಡಿಸೆಂಬರ್ 28ರಿಂದ ಯೂರೋಪಿನ ಒಕ್ಕೂಟದಲ್ಲಿ ಹೊಸದಾಗಿ ಮಾರುವ ಮೊಬೈಲುಗಳಿಗೆ ಒಂದೇ ಬಗೆಯ ಚಾರ್ಜಿಂಗ್ ಕಿಂಡಿಯಿರಬೇಕೆಂದು ವಿಧಿಸಿದುದೂ ಬಳಕೆದಾರನಿಗೆ ಹಿತವಾದ ಕಟ್ಟಳೆಯೇ.

ಅರಿಯದವರು ಯಂತ್ರವನ್ನು ಬಿಚ್ಚಿದರೆ ಅಪಾಯವಲ್ಲವೆ ಎಂದು ತಯಾರಕರು ಕೇಳುವುದುಂಟು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ವಿದ್ಯುತ್ತಿನೊಡನೆ ಹುಡುಗಾಟ ಸಲ್ಲದು; ಬ್ಯಾಟರಿಯನ್ನು ಚುಚ್ಚಿದರೆ ಬೆಂಕಿ ಹೊತ್ತೀತು. ಆದರೆ ಅಪಾಯಕ್ಕೆ ಮದ್ದು ಅರಿವೇ ಹೊರತು ಬೀಗವಲ್ಲ. ಮುಚ್ಚಳವನ್ನು ಮುಚ್ಚಿಡುವ ಬದಲು ಒಳಗಿನ ರಚನೆಯನ್ನು ತಿಳಿಸುವ ಕೈಪಿಡಿಯನ್ನೂ ಯೋಗ್ಯವಾದ ಬಿಡಿಭಾಗಗಳನ್ನೂ ಒದಗಿಸುವುದು ಲೇಸು.

ಯಾವುದೇ ಕಟ್ಟಳೆಯನ್ನು ಎರಡು ಪ್ರಶ್ನೆಗಳಿಂದ ಒರೆಗೆ ಹಚ್ಚಬಹುದು. ಅದು ಪ್ರಾಣವನ್ನು ಕಾಯುತ್ತದೆಯೋ, ಲಾಭವನ್ನು ಮಾತ್ರ ಕಾಯುತ್ತದೆಯೋ? ಅದು ಎಲ್ಲರಿಗೂ ಬಾಗಿಲು ತೆರೆಯುತ್ತದೆಯೋ, ಒಬ್ಬನಿಗಾಗಿ ಉಳಿದವರಿಗೆ ಮುಚ್ಚುತ್ತದೆಯೋ? ಪ್ಲಗ್ಗಿನ ಉದ್ದನೆಯ ಕಡ್ಡಿ ಈ ಎರಡು ಪರೀಕ್ಷೆಗಳಲ್ಲಿಯೂ ಗೆಲ್ಲುತ್ತದೆ. ಗೆಲ್ಲಲಾರದ ಕಟ್ಟಳೆಗಳನ್ನು ತಿದ್ದುವುದು ಪ್ರಜೆಗಳ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು.