ಎಳೆಗೂಸಿನ ಮೂತ್ರಪಿಂಡವೂ ಅಪ್ಪನ ರಜೆಯೂ

ನಮ್ಮ ಕೋಣೆಯ ಸಪ್ಲಾಯರ್ ಒಬ್ಬನಿಗೆ ಊರಿನಿಂದ ಫೋನು ಬಂತು. ಐದು ತಿಂಗಳ ಗಂಡುಕೂಸಿನ ಎಡ ಮೂತ್ರಪಿಂಡದಲ್ಲಿ ನೀರು ನಿಂತಿದೆ, ಆಪರೇಷನ್ ಆಗಬೇಕಂತೆ ಎಂದು ಹೆಂಡತಿ ಅತ್ತಳು. ಅವನು ರಜೆ ಕೇಳಿದ. "ಕೂಸು ಹಾಲು ಕುಡಿಯುತ್ತದೆ, ನಗುತ್ತದೆ ಎನ್ನುತ್ತೀಯಲ್ಲ, ಅವಸರವೇನು?" ಎಂದರು ಧಣಿಗಳು. ಅವರು ಕೆಟ್ಟವರಲ್ಲ, ಈ ಕಾಯಿಲೆಯನ್ನು ಅರಿಯರು. ನಮ್ಮಲ್ಲಿ ಅರಿತವರು ಎಷ್ಟು ಮಂದಿ?

ಬಸಿ ತೊಳೆದವರಿಗೆ ಇದು ಬೇಗ ತಿಳಿಯುವುದು. ಮೋರಿಯ ಬಾಯಿ ಕಿರಿದಾದರೆ ನೀರು ತೊಟ್ಟಿಯಲ್ಲಿಯೇ ನಿಲ್ಲುತ್ತದೆ. ಹಾಗೆಯೇ, ಮೂತ್ರಪಿಂಡದಿಂದ ನಾಳ ಹೊರಡುವ ಬಾಯಿ ಕೆಲವು ಕೂಸುಗಳಲ್ಲಿ ಹುಟ್ಟಿನಿಂದಲೇ ಕಿರಿದು. ಮೂತ್ರ ಹಿಂದೆ ನಿಂತು ಪಿಂಡ ಉಬ್ಬುತ್ತದೆ, ಬಹುಕಾಲ ಹಾಗೇ ಬಿಟ್ಟರೆ ಅದರ ಶಕ್ತಿ ಕುಂದುತ್ತದೆ. ನೋವು ಕಾಣದೆಯೇ ಇದು ನಡೆದುಹೋಗಬಹುದು. ಬಸುರಿಯ ಸ್ಕ್ಯಾನಿಂಗಿನಲ್ಲಿಯೇ ಎಷ್ಟೋ ವೇಳೆ ಗೊತ್ತಾಗುವುದರಿಂದ ಆ ಕಾಗದವನ್ನು ಎಸೆಯಬಾರದು.

ನೀರು ಕಂಡ ಕೂಸಿಗೆಲ್ಲ ಕತ್ತಿ ಬೇಕಿಲ್ಲ. ಹೆಚ್ಚಿನವರಲ್ಲಿ ತಾನಾಗಿ ಇಳಿಯುವುದು. ಆದರೆ ಡಾಕ್ಟರರು ಹೇಳಿದ ತಾರೀಖಿಗೆ ಮತ್ತೆ ಸ್ಕ್ಯಾನಿಂಗ್ ಆಗಬೇಕು. ಉಬ್ಬು ಏರಿದರೆ, ಪಿಂಡದ ಕೆಲಸ ಇಳಿದರೆ ಆಗ ಆಪರೇಷನ್. ಕಿರಿದಾದ ತುಂಡನ್ನು ತೆಗೆದು ನಾಳವನ್ನು ಮತ್ತೆ ಹೊಲಿಯುತ್ತಾರೆ. 1949 ರಲ್ಲಿ ಆಂಡರ್ಸನ್, ಹೈನ್ಸ್ ಎಂಬವರು ತಿಳಿಸಿದ ಕ್ರಮವಿದು. 1990 ರ ದಶಕದಿಂದ ಇದನ್ನೇ ದುರ್ಬೀನಿನಿಂದ, ಕೆಲವೇ ಮಿಲಿಮೀಟರಿನ ಮೂರು ತೂತುಗಳೊಳಗಿಂದ ಮಾಡುತ್ತಾರೆ.

ಈ ಹೊಸ ವಿದ್ಯೆ ಬಡವನ ಕೂಸಿಗೂ ಸಿಗಬೇಕೆಂಬುದೇ ನಮ್ಮ ಅಭಿಪ್ರಾಯ. ಆದರೆ ಸಾಲ ಮಾಡಿ, ಬಳೆ ಮಾರಿ ದುರ್ಬೀನೇ ಬೇಕೆಂಬ ಹಠ ಬೇಡ. ವರ್ಷ ತುಂಬದ ಕೂಸಿಗೆ ತೆರೆದ ಆಪರೇಷನ್ನಿನ ಗಾಯವೂ ಚಿಕ್ಕದೇ, ಎರಡೂ ಬಗೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗುಣವಾಗುತ್ತವೆ. ಅಷ್ಟು ಸಣ್ಣ ಹೊಟ್ಟೆಯೊಳಗೆ ಹೊಲಿಯಲು ಪಳಗಿದ ಕೈ ಬೇಕು. "ಇಂಥವು ಎಷ್ಟು ಮಾಡಿದ್ದೀರಿ?" ಎಂದು ಕೇಳಲು ನಾಚಬೇಡಿ. ಅಡಿಗೆಭಟ್ಟರನ್ನು ಇಡುವಾಗ ಧಣಿಗಳು ಕೇಳುವುದಿಲ್ಲವೇ?

ಮುಂಬಯಿಯಲ್ಲಿ ಕೂಸು ಇರುವವರಿಗೆ ಪರೇಲಿನಲ್ಲಿ ವಾಡಿಯಾ ಮಕ್ಕಳ ಆಸ್ಪತ್ರೆಯಿದೆ. 1929 ರಲ್ಲಿ ಗಿರಣಿಗಳ ನಡುವೆ ಎದ್ದದ್ದು. ಗಿರಣಿಗಳ ಸದ್ದಡಗಿತು, ಆಸ್ಪತ್ರೆ ಉಳಿದಿದೆ. ಇ.ಎಸ್.ಐ. ಪುಸ್ತಕದಲ್ಲಿ ಹೆಸರಿದ್ದವರ ಹೆಂಡತಿ ಮಕ್ಕಳಿಗೂ ಚಿಕಿತ್ಸೆಯ ಹಕ್ಕುಂಟು. 2019 ರ ಜುಲೈಯಿಂದ ನೂರು ರೂಪಾಯಿ ಕೂಲಿಗೆ ನಮ್ಮ ಪಾಲು ಮುಕ್ಕಾಲು ರೂಪಾಯಿ, ಮಾಲೀಕರದು ಮೂರೂಕಾಲು. ಈ ಮೂರೂಕಾಲು ಉಳಿಸಲು ಹೆಸರನ್ನೇ ಬರೆಯದಿರುವ ಹೋಟೆಲುಗಳಿವೆ. ಅಲ್ಲಿಯ ಗೆಳೆಯರು ಸಂಘಕ್ಕೆ ಬರಲಿ.

ಇನ್ನೊಂದು ಮಾತು. ಹೊಲಿದ ನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಡುವುದುಂಟು. ಕೆಲವು ವಾರಗಳ ಮೇಲೆ ಅದನ್ನು ತೆಗೆಸಲೇಬೇಕು, ಮರೆತರೆ ಸೋಂಕು, ಕಲ್ಲು. ಆದುದರಿಂದ ಅಪ್ಪನಿಗೆ ಎರಡು ಸಲ ರಜೆ ಬೇಕು.

ನಮ್ಮ ಗೆಳೆಯನಿಗೆ ಕೊನೆಗೆ ಆರು ದಿನ ಸಿಕ್ಕಿತು. ಆಪರೇಷನ್ ಆಯಿತು, ಕೂಸು ಚೆನ್ನಾಗಿದೆ. ಸ್ಟೆಂಟ್ ತೆಗೆಯುವ ತಾರೀಖನ್ನು ಗಲ್ಲೆಯ ಮೇಲಿನ ಕ್ಯಾಲೆಂಡರಿನಲ್ಲಿ ನಾವೇ ಗುರುತು ಹಾಕಿದ್ದೇವೆ. ಆ ಎರಡು ದಿನ ಅವನ ಟೇಬಲ್ಲುಗಳನ್ನು ನಾವು ಮೂವರು ಹಂಚಿಕೊಳ್ಳುವೆವೆಂದು ಧಣಿಗಳಿಗೆ ತಿಳಿಸಿಯೂ ಆಗಿದೆ.