ಪಾದಯಾತ್ರೆಯ ಲೆಕ್ಕ ನಿಧಾನ ನಡೆಯೋರಿಂದ ಶುರುವಾಗಲಿ

ಬೆಳಿಗ್ಗೆ ಶೇಂಗಾ ಗದ್ದೆಗೆ ನೀರು ಬಿಟ್ಟು ಬಂದು ಇದನ್ನ ಬರೀತಿದ್ದೇನೆ. ಶಿವರಾತ್ರಿ ಹತ್ತಿರ ಬಂತು. ಗೋಕರ್ಣದಿಂದ ಮುರ್ಡೇಶ್ವರಕ್ಕೆ ನಡೆದು ಹೋಗೋ ಮಾತು ನಮ್ಮ ಕೇರಿಯಲ್ಲಿ ಮತ್ತೆ ಶುರುವಾಗಿದೆ. "ಎರಡು ದಿನ ಸಾಕು, ಹೋದ ವರ್ಷ ಮುಗಿಸಿದ್ರಲ್ಲ" ಅಂತಾರೆ ಹುಡುಗ್ರು. ಮುಗಿಸಿದ್ದು ಹೌದು. ಆ ಎರಡು ದಿನದ ಲೆಕ್ಕ ಹಾಕಿದವನು ನಾನೇ. ಅದು ತಪ್ಪು ಲೆಕ್ಕ ಅಂತ ಹೇಳ್ಲಿಕ್ಕೇ ಇಷ್ಟು ಬರೀತಿರೋದು.

ಆತ್ಮಲಿಂಗದ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ಪಂಚಕ್ಷೇತ್ರದಲ್ಲಿ ಸಜ್ಜೇಶ್ವರ ಒಂದು ಕಾರವಾರದ ಕಡೆಗೆ. ಗೋಕರ್ಣ, ಧಾರೇಶ್ವರ, ಗುಣವಂತೆ, ಮುರ್ಡೇಶ್ವರ ನಾಲ್ಕೂ ನಮ್ಮ ಕುಮಟಾ, ಹೊನ್ನಾವರ, ಭಟ್ಕಳ ತಾಲೂಕಲ್ಲೇ ಇವೆ. ಕಾರಲ್ಲಿ ಐದನ್ನೂ ಒಂದೇ ದಿನ ಮುಗಿಸೋರಿದ್ದಾರೆ. ತದಡಿಯಲ್ಲಿ ದೋಣಿ ದಾಟಿ ನಾಲ್ಕನ್ನೇ ನಡೆದ್ರೂ 65 ಕಿ.ಮೀ. ಆಸುಪಾಸು ಆಗ್ತದೆ. ಎರಡು ದಿನ ಅಂದ್ರೆ ದಿನಕ್ಕೆ 30ರ ಮೇಲೆ.

ಎರಡೇ ದಿನ ಯಾಕೆ ಇಟ್ಟೆ? ಭಕ್ತಿಯಿಂದಲ್ಲ. ಮನೆಯಲ್ಲಿ ಎರಡು ದನ, ಗದ್ದೆಗೆ ನೀರು ಬಿಡ್ಲಿಕ್ಕೆ ಜನ ಇಲ್ಲ. ಮೂರನೇ ದಿನ ವಾಪಸ್ ಇರ್ಲೇಬೇಕು ಅಂತ ದಾರಿಯನ್ನ ಎರಡು ತುಂಡು ಮಾಡಿದೆ. ಗುಂಪಲ್ಲಿ ಯಾರಿದ್ದಾರೆ ಅಂತ ನೋಡ್ಲೇ ಇಲ್ಲ.

ಗುಂಪಲ್ಲಿ ನಮ್ಮ ಭಾವ ಇದ್ರು. ಅರವತ್ತು ದಾಟಿದವ್ರು, ಶುಗರ್ ಇದೆ. ಬರಿಗಾಲಲ್ಲಿ ನಡೆಯೋ ಹರಕೆ ಬೇರೆ. ಮೊದಲ ದಿನ ಧಾರೇಶ್ವರ ದಾಟುವಷ್ಟರಲ್ಲಿ ಪಾದದಡಿ ಗುಳ್ಳೆ ಎದ್ದಿತ್ತು. ಶುಗರ್ ಇದ್ದವರಿಗೆ ಪಾದ ಜೋಮು ಹಿಡಿದಂಗಿರ್ತದೆ, ಗಾಯ ಆದ್ರೂ ನೋವು ಸರಿಯಾಗಿ ಗೊತ್ತಾಗೋದಿಲ್ಲ. ಗೊತ್ತಾದ ಮೇಲೂ ಅವ್ರು ಹೇಳ್ಲಿಲ್ಲ. ಮನೆಗೆ ಬಂದು ವಾರ ಕಳೆಯೋದ್ರೊಳಗೆ ಕೀವಾಯ್ತು. ಕಡೆಗೆ ಒಂದು ಬೆರಳು ತೆಗೀಬೇಕಾಯ್ತು. ಆಸ್ಪತ್ರೆಯಲ್ಲಿ ಕೇಳಿದೆ, "ಭಾವ, ಯಾಕೆ ಹೇಳ್ಲಿಲ್ಲ?" ಅಂತ. "ನಿಂಗೆ ದನ, ಗದ್ದೆ ಅಂತ ಗಡಿಬಿಡಿ ಇತ್ತಲ್ಲ, ತಡ ಮಾಡೋದು ಬೇಡ ಅಂತ ಸುಮ್ನಾದೆ" ಅಂದ್ರು. ಇವತ್ತಿಗೂ ಆ ಮಾತು ನೆನಪಾದ್ರೆ ಊಟ ಸೇರೋದಿಲ್ಲ.

ಎತ್ತು ಕಟ್ಟಿ ಹೂಡಿದವರಿಗೆ ಗೊತ್ತು. ಜೋಡಿಯಲ್ಲಿ ನಿಧಾನದ ಎತ್ತು ಯಾವುದೋ ಅದರ ಹೆಜ್ಜೆಗೇ ನೇಗಿಲು ಹೋಗ್ಬೇಕು. ಇಷ್ಟು ತಿಳಿದ ನಾನು ಮನುಷ್ಯರ ವಿಷಯದಲ್ಲಿ ಮರೆತೆ. ಪಂಢರಪುರದ ವಾರಿ ನೋಡಿ. ಆಳಂದಿಯಿಂದ ಸುಮಾರು 250 ಕಿ.ಮೀ. ದಾರಿಗೆ ಮೂರು ವಾರದ ಹತ್ತಿರ ತಗೊಳ್ತಾರೆ. ಎಲ್ಲಿ ಉಳಿಯೋದು ಅನ್ನೋದು ಮೊದಲೇ ನಿಶ್ಚಯ. ಮುದುಕರು, ಹೆಂಗಸರು ಎಲ್ಲರೂ ಹೋಗೋದು ಹಾಗಾಗಿಯೇ.

ಈ ಸಲ ನಾನು ಹಾಕಿದ ಲೆಕ್ಕ ನಾಲ್ಕು ದಿನದ್ದು. ಶಿವರಾತ್ರಿ ದಿನ ಗೋಕರ್ಣದಲ್ಲಿ ಜನಜಾತ್ರೆ, ಹಾಗಾಗಿ ನಾಲ್ಕು ದಿನ ಮೊದಲೇ ಅಲ್ಲಿಂದ ಹೊರಡೋದು.

ಮೊದಲ ದಿನ ಗೋಕರ್ಣದಿಂದ ತದಡಿ, ದೋಣಿ ದಾಟಿ ಅಘನಾಶಿನಿ, ಬಾಡ, ಹೊಲನಗದ್ದೆ ಮೇಲೆ ಕುಮಟಾ. ಇದು ಊರೊಳಗಿನ ದಾರಿ, ಲಾರಿ ಕಾಟ ಇಲ್ಲ. ದೋಣಿ ಹೊತ್ತು ಹಿಂದಿನ ದಿನವೇ ಕೇಳಿಡಬೇಕು. ಎರಡನೇ ದಿನ ಧಾರೇಶ್ವರ ದರ್ಶನ ಮಾಡಿ ಹಳದೀಪುರದಲ್ಲಿ ನಿಲ್ಲೋದು. ಮೂರನೇ ದಿನ ಕರ್ಕಿ, ಹೊನ್ನಾವರ, ಶರಾವತಿ ಸೇತುವೆ, ಕಾಸರಕೋಡ ದಾಟಿ ಗುಣವಂತೆ. ನಾಲ್ಕನೇ ದಿನ ಮಂಕಿ ಮೇಲೆ ಮುರ್ಡೇಶ್ವರ. ದಿನಕ್ಕೆ 15ರಿಂದ 18 ಕಿ.ಮೀ. ಅಷ್ಟೇ. ಬೆಳಕು ಹರಿಯೋ ಹೊತ್ತಿಗೆ ಹೊರಟು ಹತ್ತು ಗಂಟೆಗೆ ನೆರಳು ಸೇರೋದು, ಉಳಿದದ್ದು ನಾಲ್ಕರ ಮೇಲೆ. ನಮ್ಮ ಕರಾವಳಿ ಸೆಕೆ ಗೊತ್ತಲ್ಲ, ಬೆವರಿಗೇ ಅರ್ಧ ಜೀವ ಹೋಗ್ತದೆ. ಹೈವೇಯಲ್ಲಿ ಎದುರಿಂದ ಬರೋ ಗಾಡಿ ಕಾಣೋ ಹಾಗೆ ಬಲಗಡೆಯೇ ಸಾಲಾಗಿ ನಡೀಬೇಕು. ಸೇತುವೆ ಮೇಲಂತೂ ಕತ್ತಲಲ್ಲಿ ಕಾಲಿಡೋದು ಬೇಡ. ಸಂಜೆ ನಿಂತ ಕಡೆ ಎಲ್ಲರ ಪಾದ ಇನ್ನೊಬ್ರು ನೋಡೋದು, ನಾಚಿಕೆ ಬೇಡ.

"ಕಷ್ಟ ಇಲ್ದೆ ಇದ್ರೆ ಅದೆಂಥ ಹರಕೆ?" ಅಂತ ಕೇಳೋರಿದ್ದಾರೆ. ಅದೂ ಸರಿಯೇ, ಆರಾಮ ಬೇಕಾದ್ರೆ ಬಸ್ಸಿದೆ. ಆದ್ರೆ ಕಷ್ಟ ಅವರವರು ಆರಿಸಿಕೊಂಡದ್ದಾಗಿರಬೇಕು. ಗುಂಪಿನ ಗಡಿಬಿಡಿಗೆ ಒಬ್ಬರ ಕಾಲು ಹೋಗೋದು ಹರಕೆಯಲ್ಲ, ನಮ್ಮ ಬೇಜವಾಬ್ದಾರಿ. ಶುಗರ್ ಇದ್ದವರು ಚಪ್ಪಲಿಯನ್ನ ದೇವಸ್ಥಾನದ ಬಾಗಿಲಲ್ಲಿ ಬಿಟ್ರೆ ಸಾಕು. ಸುಸ್ತಾದವರು ಬಸ್ ಹತ್ತಿ ಮುಂದಿನ ನಿಲುಗಡೆಯಲ್ಲಿ ಕಾದ್ರೆ ಅವರ ಯಾತ್ರೆ ಕೆಡೋದಿಲ್ಲ.

ಇನ್ನು ದನ, ಗದ್ದೆ ನೋಡೋರು ಯಾರು? ಇದಕ್ಕೆ ನಮ್ಮಲ್ಲೇ ಹಳೇ ದಾರಿ ಇದೆ, ಮುಯ್ಯಾಳು. ನಟ್ಟಿಗೆ, ಕೊಯ್ಲಿಗೆ ಮಾಡ್ತಿದ್ದದ್ದನ್ನ ಯಾತ್ರೆಗೂ ಮಾಡುವ. ಈ ನಾಲ್ಕು ದಿನ ನೀವು ನನ್ನ ದನ ನೋಡಿ, ನೀವು ಹೋಗುವಾಗ ನಿಮ್ಮನೇದು ನಾನು ನೋಡ್ತೇನೆ. ಪಕ್ಕದ ಮನೆಯವ್ರ ಹತ್ರ ಮಾತಾಡಿ ಆಗಿದೆ, ಒಪ್ಪಿದ್ದಾರೆ.

ಭಾವ ಈ ಸಲವೂ ಬರ್ತೇನೆ ಅಂತಿದ್ದಾರೆ. ಡಾಕ್ಟ್ರು ಹೂಂ ಅಂದ್ರೆ ಅಘನಾಶಿನಿಯಿಂದ ಬಾಡದವರೆಗೆ ಮಾತ್ರ, ಬೂಟು ಹಾಕಿ, ನನ್ನ ಜೊತೆ. ಉಳಿದದ್ದು ಬಸ್ಸಲ್ಲಿ. ಅವರ ಹೆಜ್ಜೆ ಎಷ್ಟೋ ನನ್ನದೂ ಅಷ್ಟೇ.

ಹಳದೀಪುರ, ಗುಣವಂತೆ ಆಚೀಚೆಯವರು ಒಂದು ರಾತ್ರಿ ಅಂಗಳ, ಬಾವಿ ನೀರು ಕೊಡೋರಿದ್ರೆ ತಿಳಿಸಿ. ಅಕ್ಕಿ, ಉಪ್ಪಿನಕಾಯಿ ನಾವೇ ತರ್ತೇವೆ. ಒಟ್ಟು ಒಂಬತ್ತು ಜನ.